ಎರೆಹುಳುವಿನ ಕನ್ನಡಕ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಗುಬ್ಬಿಗೆ,

ಅಕ್ಕನ ಆಶೀರ್ವಾದ ಇದ್ದೇ ಇದೆ. ಕ್ಷೇಮ ಸಮಾಚಾರ ಈ ಸಲ ಬೇಡ. ನಿನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಯೋಚಿಸಿ ಹೇಳುತ್ತೇನೆ ಎಂದಿದ್ದೆನಲ್ಲ, ಅದರ ಉತ್ತರ ಇದು. "ಅಕ್ಕಾ, ಸುಮ್ನೆ ಕೇಳ್ತಿದೀನಿ, ಆ ಎರೆಹುಳು ಪದ್ಯಕ್ಕೆ ಕೊನೇ ಸಾಲು ಏನಾದ್ರೂ ಹೊಳೀತಾ? ಸುಮ್ನೆ, ಅಷ್ಟೇ." ಸುಮ್ಮನೆ ಕೇಳುವವರು ಎರಡೆರಡು ಸಲ "ಸುಮ್ನೆ" ಅನ್ನುವುದಿಲ್ಲ ಕಣೇ.

ನಾವಿಬ್ಬರೂ ಪುಸ್ತಕ ಮಾಡುವ ರೀತಿ ನಿನಗೆ ಹೇಳಬೇಕಾಗಿಲ್ಲ. ಆದರೂ ಹೇಳುತ್ತೇನೆ, ಮರೆತಂತಿದೆ. ಆರೇಳು ವರ್ಷದ ಮಕ್ಕಳಿಗೆ ವಿಜ್ಞಾನ: ಪುಟಕ್ಕೆರಡು ಸಾಲು ನನ್ನದು, ಮಿಕ್ಕ ಜಾಗವೆಲ್ಲ ನಿನ್ನ ಬಣ್ಣದ್ದು. ಕಣ್ಣಾರೆ ನೋಡದ್ದನ್ನು ಬರೆಯಬಾರದು. ನೋಡುವುದು ಬಾಕಿ ಇದ್ದರೆ, ಲಯ ತಪ್ಪದಿರಲೆಂದು ಆ ಜಾಗದಲ್ಲಿ ಒಂದು ಹಸಿ ಸುಳ್ಳು ಬರೆದಿಡುತ್ತಿದ್ದೆ. ಅದಕ್ಕೆ 'ಸೆಂಟ್ರಿಂಗ್ ಸಾಲು' ಎಂದು ಹೆಸರಿಟ್ಟವಳು ನೀನೇ. ತಾರಸಿ ಗಟ್ಟಿಯಾಗುವ ತನಕ ಕೊಟ್ಟ ಮರದ ಆಸರೆ, ಆಮೇಲೆ ತೆಗೆಯುವುದೇ. ಚಂದ್ರನ ಪದ್ಯದಲ್ಲಿ ಚಂದ್ರ ಸೋಪು ಹಿಡಿದು ಸ್ನಾನಕ್ಕೆ ಹೊರಟ ಸಾಲು ನೆನಪಿದೆಯಾ? ಹೊಟ್ಟೆ ಹುಣ್ಣಾಗುವಷ್ಟು ನಕ್ಕು ಅಳಿಸಿದ್ದೆವು.

ಎರೆಹುಳುವಿಗೂ ಅಂಥದೊಂದು ಕೊಟ್ಟಿದ್ದೆ:

ಮಣ್ಣಲೆ ಮನೆಯಿದೆ, ಮಣ್ಣೇ ಊಟ,
ಕಣ್ಣನು ಮಿಟುಕಿಸಿ ನೋಡುವ ಆಟ.

ಆಮೇಲೆ ಗಾಜಿನ ಜಾಡಿಯಲ್ಲಿ ಹುಳುಗಳನ್ನು ಸಾಕಿ, ಬಚ್ಚಲುಮನೆ ಬಾಗಿಲು ಹಾಕಿಕೊಂಡು, ಟಾರ್ಚಿಗೆ ಒಮ್ಮೆ ಕೆಂಪು ಕಾಗದ ಸುತ್ತಿ, ಒಮ್ಮೆ ಬಿಚ್ಚಿ, ಹುಳು ಯಾವ ಬೆಳಕಿಗೆ ಮುದುಡುತ್ತದೆಂದು ಕೂತು ನೋಡಿದೆ. ನಿನ್ನ ಭಾವ "ಹುಳಕ್ಕೆ ಹಲ್ಲುಜ್ಜಿಸ್ತಿದೀಯಾ ಹೇಗೆ? ನಂಗೂ ಸ್ವಲ್ಪ ಬಿಡು" ಎಂದು ಬಾಗಿಲು ಬಡಿದರು. ಆ ವಾರವೇ ನಿನ್ನ ಫೋನು: "ಅಕ್ಕಾ, ಆ ಪುಸ್ತಕ ನಿಂತೋಯ್ತು. ಎರೆಹುಳು ಯಾರಿಗೂ ಬೇಡ್ವಂತೆ, ಎಲ್ಲರಿಗೂ ಡೈನೋಸಾರೇ ಬೇಕಂತೆ." ನಂಬಿದೆ. ಹುಳುಗಳನ್ನು ಕುಂಡಕ್ಕೆ ಬಿಟ್ಟು ಜಾಡಿ ತೊಳೆದಿಟ್ಟೆ.

ಕಳೆದ ವಾರ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದೆ. ಪಕ್ಕದ ಕುರ್ಚಿಯಲ್ಲಿ ಒಂದು ಹುಡುಗಿ ಅಕ್ಷರ ಕೂಡಿಸಿ ಓದುತ್ತಿದ್ದಳು: "ಕ-ಣ್ಣ-ನು ಮಿ-ಟು-ಕಿ-ಸಿ..." ಅವಳಮ್ಮ "ನೋಡಿದ್ಯಾ, ಹುಳಕ್ಕೂ ಕಣ್ಣಿರುತ್ತೆ" ಎಂದರು. ಹುಡುಗಿ ಪೂರ್ತಿ ನಂಬಿದಳು. ಪುಸ್ತಕ ಇಸಿದುಕೊಂಡು ನೋಡಿದೆ. ಪುಟ ಪುಟದಲ್ಲೂ ನನ್ನ ಸಾಲು. ಮುಖಪುಟದಲ್ಲಿ ಪದ್ಯಕ್ಕೂ ಚಿತ್ರಕ್ಕೂ ನಿನ್ನದೊಂದೇ ಹೆಸರು. ಕದ್ದಿದ್ದೂ ಕದ್ದೆ, ಸೆಂಟ್ರಿಂಗ್ ಸಮೇತ ಕದ್ದೆ! ಡಾಕ್ಟರು ಬಾಯಿ ತೆಗೆಯಿರಿ ಅನ್ನಬೇಕಾಗಲೇ ಇಲ್ಲ, ಅದು ಆಗಲೇ ತೆರೆದಿತ್ತು.

ನಮ್ಮ ಪುಸ್ತಕಗಳ ಸಂಪಾದಕಿಗೆ ಫೋನ್ ಮಾಡಿದೆ. ಪಾಪ, ಅವರು ಸಂತೋಷದಿಂದಲೇ ಮಾತಾಡಿದರು: "ಅಯ್ಯೋ, ನೀವು ಬರೆಯೋದೇ ಬಿಟ್ರಂತಲ್ಲ ಮೇಡಂ! ಅಕ್ಕಂಗೆ ಈಗ ಪ್ರಾಸವೇ ಹೊಳೆಯಲ್ಲ, ಬೇಜಾರು ಮಾಡ್ಕೋತಾರೆ, ಏನೂ ಕೇಳ್ಬೇಡಿ ಅಂದಿದ್ರು ನಿಮ್ಮ ತಂಗಿ." ಟೀಚರೊಬ್ಬರು ತಪ್ಪು ಹಿಡಿದಿದ್ದಾರೆ, ಮರುಮುದ್ರಣಕ್ಕೆ ಆ ಸಾಲು ಬದಲಾಗಬೇಕು ಎಂದೂ ಹೇಳಿದರು. ಹಾಗಾಗಿ ನಿನ್ನ "ಸುಮ್ನೆ"ಯ ದಾರಿಯನ್ನೇ ಕಾಯುತ್ತಿದ್ದೆ.

ಹೆಸರು ಹೋದದ್ದಕ್ಕಿಂತ ಹೆಚ್ಚು ಉರಿದದ್ದು ಆ ಮಾತಿಗೆ. ಪ್ರಾಸ ಹೊಳೆಯಲ್ಲವಂತೆ! ಚಿಕ್ಕವಳಿದ್ದಾಗ ನಿನಗೆ ಜ್ವರದ ಔಷಧಿ ಕುಡಿಸಿದ್ದೂ ಪ್ರಾಸ ಹೇಳಿಯೇ. "ಅಕ್ಕಾ, ಒಂದು ಪುಸ್ತಕ ನನ್ನದೇ ಅಂತ ಇರಲಿ" ಎಂದು ನೀನು ಬಾಯಿಬಿಟ್ಟು ಕೇಳಿದ್ದರೆ ಕೊಟ್ಟುಬಿಡುತ್ತಿದ್ದೆನೋ ಏನೋ. ಕೊಡುತ್ತಿರಲಿಲ್ಲ ಅನ್ನು; ಆದರೂ ಕೇಳಬೇಕಿತ್ತು.

ಸಾಲು ನನ್ನ ಹತ್ತಿರ ಇದೆ. ನಿನ್ನ ಫೋನ್ ಇಟ್ಟ ಕೂಡಲೇ ನನ್ನ ಹೆಸರು ಹಾಕಿ ಸಂಪಾದಕಿಗೆ ಕಳಿಸಿದೆ, ನಡೆದದ್ದನ್ನೂ ಬರೆದೆ. ಆ ಹುಡುಗಿಯ ಹಾಗೆ ಇನ್ನೊಂದು ಮಗು ನಂಬಬಾರದು. ನೀನೂ ನೋಡಿಕೋ:

ಕಣ್ಣೇ ಇಲ್ಲದ ಚರ್ಮದ ನೋಟ.

ಬೆಳಕು ಬಿದ್ದದ್ದು ಅದಕ್ಕೆ ಮೈಯಿಂದಲೇ ತಿಳಿಯುತ್ತದೆ. ನನಗೆ ಎರಡು ಕಣ್ಣು, ಮೇಲೊಂದು ಕನ್ನಡಕ ಇದ್ದೂ, ಪಕ್ಕದಲ್ಲೇ ಕೂತ ನೀನು ಕಾಣಲಿಲ್ಲ.

ಇನ್ನು ಒಬ್ಬಳೇ ಪ್ರಾಸ ಕಟ್ಟಲಿರುವ,
ನಿನ್ನ ಅಕ್ಕ

ತಾ.ಕ.: ಮರುಮುದ್ರಣಕ್ಕೆ ಚಿತ್ರವನ್ನೂ ತಿದ್ದಬೇಕಂತೆ. ಆ ಹುಳುವಿಗೆ ನೀನು ಹಾಕಿರುವ ಕನ್ನಡಕ ನನ್ನದು, ಎಡಗಡೆ ಕಡ್ಡಿಗೆ ಸುತ್ತಿದ ನೀಲಿ ಟೇಪಿನ ಸಮೇತ. ಅಣಕಕ್ಕೆ ಬಿಡಿಸಿದೆಯೋ, ನನ್ನನ್ನು ಪೂರ್ತಿ ಬಿಡಲಾಗದೆ ಬಿಡಿಸಿದೆಯೋ, ಕೇಳುವುದಿಲ್ಲ. ಕಣ್ಣಿಲ್ಲದ ಮೇಲೆ ಕನ್ನಡಕವೂ ಇರುವಂತಿಲ್ಲ. ಬೇರೆಯವರ ಕೈಗೆ ಕೊಡಬೇಡ, ಅದನ್ನು ನೀನೇ ಅಳಿಸು.