ಸವತೆಕಾಯಿಯ ಎದೆಬಡಿತ

ಸ್ವಸ್ತಿ ಶ್ರೀ ಸಮಸ್ತ ಲಿಫ್ಟ್‌ಲೋಕಾಧೀಶ್ವರ, ಊರ್ಧ್ವಾಧೋಗಮನ ಚಕ್ರವರ್ತಿ, ಗ್ರೀಸ್‌ಲೇಪಿತ ಕರಕಮಲ, ಒಂದೂವರೆ ಇಂಚಿನ ಪೆನ್ಸಿಲ್‌ಧಾರಿ, ‘ತಜ್ಞರ ಪ್ರಕಾರ’ ಎಂಬ ಪದದ್ವಯದ ಆಜನ್ಮವೈರಿ, ಪುಟ ಒಂದರಿಂದ ಹನ್ನೆರಡರವರೆಗಿನ ಸಮಸ್ತ ಸುದ್ದಿಗಳ ಗಂಡ, ನಮ್ಮ ಚಿಕ್ಕಪ್ಪನವರ ದಿವ್ಯ ಸನ್ನಿಧಾನಕ್ಕೆ,

ಅಣ್ಣನ ಮಗಳಾದ ಕಪಿಯು ಸಾಷ್ಟಾಂಗವೆರಗಿ ಮಾಡುವ ವಿಜ್ಞಾಪನೆಗಳು.

ಚಿಕ್ಕಪ್ಪ, ನಾಳೆ ಅಪ್ಪ ಮತ್ತೆ ಕನ್ನಡಕದಂಗಡಿ ತೆರೆಯುತ್ತಾರೆ. ನಲವತ್ತೊಂದು ದಿನದ ನಂತರ. ಬಾಗಿಲು ಎತ್ತುವ ಕೆಲಸ ನಿಮ್ಮದು, ಅಪ್ಪ ಬಗ್ಗಬಾರದು ಎಂದು ಡಾಕ್ಟರಮ್ಮ ಹೇಳಿದ್ದಾರೆ. ಅಲ್ಲಿ ನಾನೂ ಇರುತ್ತೇನೆ. ಆದರೆ ಎದುರಿಗೆ ಸಿಕ್ಕರೆ ನನ್ನ ಬಾಯಿಂದ ತಮಾಷೆಯ ಹೊರತು ಬೇರೇನೂ ಬರುವುದಿಲ್ಲ. ಅದಕ್ಕೇ ಈ ಕಾಗದ.

ನೆನಪಿದೆಯೇ, ನಾನು ಹದಿಮೂರರವಳಾಗಿದ್ದಾಗ ನೀವು ನೋಡಿಕೊಳ್ಳುತ್ತಿದ್ದ ನಾಲ್ಕು ಮಹಡಿಯ ಕಟ್ಟಡದ ಲಿಫ್ಟಿಗೆ ನಾನೊಂದು ಚೀಟಿ ಅಂಟಿಸಿದ್ದೆ. ‘ಈ ಲಿಫ್ಟ್ ಇಂದಿನಿಂದ ಮಾತು ಕೇಳುತ್ತದೆ. ಹೋಗಬೇಕಾದ ಮಹಡಿಯನ್ನು ಜೋರಾಗಿ ಹೇಳಿ.’ ಅಚ್ಚುಕಟ್ಟಾಗಿ ಟೈಪು ಮಾಡಿಸಿದ್ದೆ, ಕೆಳಗೊಂದು ಮೊಹರು ಬೇರೆ. ಬೆಳಗಿನಿಂದ ಆ ಕಟ್ಟಡದಲ್ಲಿ ‘ಮೂರೂ’, ‘ನಾಲ್ಕೂ’ ಎಂದು ಗಂಟಲು ಹರಿಯುವ ಹಾಗೆ ಕೂಗು. ಎರಡನೇ ಮಹಡಿಯ ವಕೀಲರಂತೂ ಲಿಫ್ಟಿಗೆ ಬಹುವಚನ ಹಾಕಿ ಬೇಡಿಕೊಂಡಿದ್ದರು. ನೀವು ನನ್ನ ಕಿವಿ ಹಿಂಡುತ್ತೀರಿ ಎಂದು ಕಿವಿ ಮುಚ್ಚಿಕೊಂಡೇ ಬಂದೆ. ನೀವು ಹಿಂಡಲಿಲ್ಲ. ಕೆಳಗೆ ಸ್ಟೂಲು ಹಾಕಿಕೊಂಡು ಎಣಿಸುತ್ತಾ ಕೂತಿದ್ದಿರಿ. “ಹನ್ನೊಂದು ಜನ ಕೂಗಿದ್ರು ಕಣೇ. ಒಬ್ರಾದ್ರೂ ಗುಂಡಿ ಒತ್ತಿ ನೋಡ್ಲಿಲ್ಲ. ಅಚ್ಚಾದ ಅಕ್ಷರ ಕಂಡ್ರೆ ಜನಕ್ಕೆ ಅಷ್ಟು ಭಕ್ತಿ. ದೊಡ್ಡವಳಾದ ಮೇಲೆ ಇದನ್ನೇ ಕೆಲಸ ಮಾಡ್ಕೊಂಡುಬಿಡಬೇಡ” ಎಂದಿರಿ.

ಅದನ್ನೇ ಕೆಲಸ ಮಾಡಿಕೊಂಡೆ. ಪತ್ರಿಕೆಗೆ ಸೇರಿದೆ. ತಂತ್ರಜ್ಞಾನದ ಪುಟ ನನ್ನ ಪಾಲಿಗೆ ಬಂತು.

ಅಂದಿನಿಂದ ನಿಮ್ಮ ಪೆನ್ಸಿಲಿಗೆ ಬಿಡುವಿಲ್ಲ. ಪ್ರತಿ ಭಾನುವಾರ ಚಿಕ್ಕಮ್ಮ ವಾರದ ಪೇಪರುಗಳನ್ನು ಕಟ್ಟಿ ನನ್ನ ಕೈಗಿಡುತ್ತಿದ್ದರು, ಪರೀಕ್ಷೆಯ ಪೇಪರು ವಾಪಸು ಕೊಡುವ ಹಾಗೆ. ಶೇಕಡಾ ಎಂಬತ್ತು ಜನ ಸುಖವಾಗಿದ್ದಾರೆಂಬ ಸಮೀಕ್ಷೆಯ ಪಕ್ಕ, ‘ಉಳಿದ ಇಪ್ಪತ್ತರಲ್ಲಿ ನಾನು, ನನ್ನ ಹೆಂಡತಿ, ಎದುರುಮನೆಯವರು. ಸರಿಹೋಯಿತು.’ ಮಂತ್ರಿಗಳು ಸೇತುವೆ ಪರಿಶೀಲಿಸಿದರು ಎಂಬಲ್ಲಿ, ‘ಕಾರಿನಿಂದ ಇಳಿದರೋ?’ ಇನ್ನು ಐದೇ ವರ್ಷದಲ್ಲಿ ಯಂತ್ರಗಳು ಎಲ್ಲರ ಕೆಲಸ ಮಾಡಲಿವೆ ಎಂದು ನಾನು ಬರೆದ ಅಗ್ರಲೇಖನಕ್ಕೆ, ‘ಈ ಐದು ವರ್ಷ ಹನ್ನೊಂದು ವರ್ಷದಿಂದ ನಡೆಯುತ್ತಿದೆ. ಮೋಟಾರು ಬದಲಾಯಿಸಿ.’

ಎಲ್ಲಕ್ಕಿಂತ ಹೆಚ್ಚು ಸಲ ಬರೆದದ್ದು ಮಾತ್ರ ಒಂದೇ ಸಾಲು. ‘ಬರೆದವರು ಒಳಗೆ ನಿಂತಿದ್ದರೋ?’

ಅದರ ಮೂಲ ನನಗೆ ಗೊತ್ತು. ರಿಪೇರಿ ಮುಗಿದ ಲಿಫ್ಟಿಗೆ ನೀವು ಯಾರನ್ನೂ ಹತ್ತಿಸುತ್ತಿರಲಿಲ್ಲ. ಮೊದಲು ನೀವೊಬ್ಬರೇ ಒಳಗೆ ನಿಂತು, ಬಾಗಿಲೆಳೆದುಕೊಂಡು, ಮೇಲಕ್ಕೂ ಕೆಳಕ್ಕೂ ಮೂರು ಸಲ. ಹೊರಗೆ ಜನ ಗೊಣಗುತ್ತಿದ್ದರು. ಗಡಿಯಾರ ತೋರಿಸುತ್ತಿದ್ದರು. ನೀವು ಗಡಿಯಾರ ಚೆನ್ನಾಗಿದೆ ಎಂದು ಹೊಗಳಿ ಮತ್ತೆ ಬಾಗಿಲು ಹಾಕಿಕೊಳ್ಳುತ್ತಿದ್ದಿರಿ. ಹಗ್ಗ ಬಿಗಿದವನೇ ಮೊದಲು ನೇತಾಡಬೇಕು ಎನ್ನುವುದು ನಿಮ್ಮ ಶಾಸನ. ನಾನು ಆಫೀಸಿನಲ್ಲಿ ನಿಮ್ಮ ದನಿಯನ್ನು ಅನುಕರಿಸಿ ಈ ಸಾಲು ಹೇಳಿ ಎಲ್ಲರನ್ನೂ ನಗಿಸುತ್ತಿದ್ದೆ. ಚೆನ್ನಾಗಿ ಅನುಕರಿಸುತ್ತಿದ್ದೆ, ಕ್ಷಮಿಸಿ.

ಇನ್ನು ಎದೆಬಡಿತ ಅಳೆಯುವ ಆ ಕೈಪಟ್ಟಿಯ ವಿಷಯ. ಕಂಪನಿಯವರು ಕಳಿಸಿದ ಎರಡು ಪುಟದ ಹೊಗಳಿಕೆಯನ್ನು ನಾನು ಅರ್ಧ ಪುಟಕ್ಕೆ ಇಳಿಸಿದೆ. ನಾನು ಮಾಡಿದ ಸಂಶೋಧನೆ ಅಷ್ಟೇ. ‘ನಿಮ್ಮ ಹೃದಯಕ್ಕೆ ಮಣಿಕಟ್ಟಿನಲ್ಲೇ ಕಾವಲುಗಾರ’ ಎಂಬ ತಲೆಬರಹ ಮಾತ್ರ ನನ್ನ ಸ್ವಂತ ಪ್ರತಿಭೆ. ಅಪ್ಪ ಅದನ್ನು ಕತ್ತರಿಸಿ ಅಂಗಡಿಯ ಕನ್ನಡಿಗೆ ಅಂಟಿಸಿದರು. ಬಂದ ಗಿರಾಕಿಗಳಿಗೆಲ್ಲ ಕನ್ನಡಕ ಹಾಕಿಸಿ ಮೊದಲು ಅದನ್ನೇ ಓದಿಸುತ್ತಿದ್ದರು. ಕೊನೆಗೆ ತಾವೂ ಒಂದು ಪಟ್ಟಿ ಕೊಂಡು ಕಟ್ಟಿಕೊಂಡರು. ಊರಿಗೆಲ್ಲ ಕಣ್ಣು ಕೊಡುವ ಮನುಷ್ಯ ಡಬ್ಬಿಯ ತಳದ ಸಣ್ಣ ಅಕ್ಷರ ಓದಲಿಲ್ಲ. ‘ಇದು ವೈದ್ಯಕೀಯ ಉಪಕರಣವಲ್ಲ’ ಎಂದು ಅಲ್ಲಿ ಇತ್ತು. ನಾನೂ ಓದಿರಲಿಲ್ಲ. ನಾನು ಡಬ್ಬಿಯನ್ನೇ ನೋಡಿರಲಿಲ್ಲ.

ಆ ಮಧ್ಯಾಹ್ನ ನಡೆದದ್ದನ್ನು ನೀವು ನನಗೆ ಹೇಳಿಲ್ಲ. ಪಕ್ಕದ ಚಪ್ಪಲಿ ಅಂಗಡಿಯವರು ಹೇಳಿದರು. ನಿಮ್ಮ ಕನ್ನಡಕದ ಸ್ಕ್ರೂ ಬಿಗಿಸಿಕೊಳ್ಳಲು ಹೋದಿರಂತೆ. ಅಪ್ಪನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು, ಎಡತೋಳು ನೀವಿಕೊಳ್ಳುತ್ತಿದ್ದರು, ಸ್ಕ್ರೂ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಡಾಕ್ಟರ ಹತ್ತಿರ ಹೋಗೋಣ ಎಂದಾಗ ಅಪ್ಪ ಕೈ ಮುಂದೆ ಚಾಚಿ ಹಸಿರು ದೀಪ ತೋರಿಸಿದರಂತೆ. “ಎಲ್ಲ ಸರಿ ಅಂತಿದೆ ನೋಡೋ. ಪೇಪರಲ್ಲೇ ಬಂದಿದೆ. ನನ್ನ ಮಗಳೇ ಬರ್ದಿರೋದು.”



ನೀವು ವಾದಕ್ಕೆ ನಿಲ್ಲಲಿಲ್ಲವಂತೆ. “ಅವಳು ಬರ್ದಿದ್ದು ಅವಳ ಹತ್ರ ಇರ್ಲಿ, ನೀನು ಎದ್ದೇಳು” ಎಂದು ಅಣ್ಣನನ್ನು ಹೆಚ್ಚುಕಡಿಮೆ ಹೊತ್ತುಕೊಂಡೇ ಆಟೋಗೆ ಹಾಕಿದಿರಂತೆ. ಅಂಗಡಿಯ ಬಾಗಿಲನ್ನೂ ಎಳೆಯದೆ. ಇನ್ನೊಂದು ಗಂಟೆ ತಡವಾಗಿದ್ದರೆ ನಾನು ಈ ಕಾಗದ ಬರೆಯುತ್ತಿರಲಿಲ್ಲ ಎಂಬುದನ್ನು ಡಾಕ್ಟರಮ್ಮ ಬೇರೆ ಮಾತಿನಲ್ಲಿ ಹೇಳಿದರು.

ನಾನು ಆಸ್ಪತ್ರೆಗೆ ಓಡಿ ಬಂದಾಗ ಒಂದು ವಿಚಿತ್ರ ನೋಡಿದೆ. ಯಾವ ಸುದ್ದಿಯನ್ನೂ ನಂಬದ ಮನುಷ್ಯ ಡಾಕ್ಟರಮ್ಮನ ಮುಂದೆ ಕೈಕಟ್ಟಿ ನಿಂತಿದ್ದರು. ರಕ್ತನಾಳದೊಳಗೆ ತಂತಿ ತೂರಿಸಿ, ಮುಚ್ಚಿದಲ್ಲಿ ಬಿಡಿಸಿ, ಸಣ್ಣ ಜಾಲರಿ ಕೂರಿಸುತ್ತೇವೆ ಎಂದು ಅವರು ವಿವರಿಸುತ್ತಿದ್ದರು. ಪೇಪರಿನಲ್ಲಿ ಬಂದಿದ್ದರೆ ಇದಕ್ಕೆ ನೀವು ಮೂರು ಪ್ರಶ್ನಾರ್ಥಕ ಹಾಕುತ್ತಿದ್ದಿರಿ. ಆದರೆ ಕೇಳಿದ್ದು ಒಂದೇ. “ನೀವೇ ಮಾಡ್ತೀರಾ ಡಾಕ್ಟ್ರೇ? ಎಷ್ಟು ಮಾಡಿದ್ದೀರಿ?” ಈ ವಾರ ಏಳು, ಎಂದರು ಅವರು. ಅದರಲ್ಲಿ ಆರು ಜನ ನಡೆದುಕೊಂಡು ಮನೆಗೆ ಹೋಗಿದ್ದಾರೆ, ಒಬ್ಬರು ಇನ್ನೂ ಮೇಲಿನ ವಾರ್ಡಿನಲ್ಲಿದ್ದಾರೆ. ಆ ಒಬ್ಬರನ್ನು ಮುಚ್ಚಿಡದೆ ಹೇಳಿದ್ದಕ್ಕೆ ನಿಮ್ಮ ಹೆಗಲು ಇಳಿದದ್ದನ್ನು ನಾನು ಕಂಡೆ. “ಹಾಗಿದ್ರೆ ಸರಿ, ಕರ್ಕೊಂಡು ಹೋಗಿ” ಎಂದಿರಿ. ಅಲ್ಲಿಯವರೆಗೆ ನಿಮ್ಮದು ಬರೀ ಅಪನಂಬಿಕೆ ಎಂದುಕೊಂಡಿದ್ದೆ. ನೀವು ನಂಬುವುದಕ್ಕೆ ಜಾಗ ಹುಡುಕುತ್ತಿದ್ದಿರಿ, ಅಷ್ಟೆ.

ಆಮೇಲೆ ಆಪರೇಷನ್ ಕೋಣೆಯ ಹೊರಗಿನ ಆ ಬೆಂಚು. ನರ್ಸಮ್ಮ ಅಪ್ಪನ ವಸ್ತುಗಳನ್ನು ಒಂದು ಕವರಿನಲ್ಲಿ ಕೊಟ್ಟು ಹೋದರು. ಕೈಪಟ್ಟಿಯೂ ಅದರಲ್ಲಿತ್ತು. ಚಿಕ್ಕಮ್ಮ ಗಾಬರಿಯಲ್ಲಿ ಅಡುಗೆಮನೆಯಿಂದ ಕೈಗೆ ಸಿಕ್ಕಿದ್ದನ್ನೆಲ್ಲ ಚೀಲಕ್ಕೆ ತುಂಬಿ ತಂದಿದ್ದರು. ನೀವು ಅದರಿಂದ ಒಂದು ಸವತೆಕಾಯಿ ತೆಗೆದಿರಿ. ಒರೆಸಿದಿರಿ. ಪಟ್ಟಿಯನ್ನು ಅದರ ಸೊಂಟಕ್ಕೆ ಕಟ್ಟಿ, ನಮ್ಮಿಬ್ಬರ ನಡುವೆ ಮಲಗಿಸಿ, ಕೈ ಕಟ್ಟಿಕೊಂಡು ಕಾದಿರಿ. ಪಟ್ಟಿ ಒಂದೆರಡು ಸಲ ಮಿನುಗಿತು, ಯೋಚಿಸಿತು. ಎಪ್ಪತ್ತೆರಡು. ಹಸಿರು ದೀಪ. ಎಲ್ಲ ಸರಿ.

“ನೋಡು, ಇದಕ್ಕೂ ಏನೂ ತೊಂದ್ರೆ ಇಲ್ವಂತೆ” ಎಂದಿರಿ, ಮುಖದ ಒಂದು ಗೆರೆಯೂ ಅಲುಗದೆ.

ಹುಟ್ಟಿದಾಗಿನಿಂದ ಕೀಟಲೆಯನ್ನೇ ಕಸುಬು ಮಾಡಿಕೊಂಡವಳು ನಾನು. ಗುರುವಿನ ಮುಂದೆ ಕೂತಿದ್ದೇನೆಂದು ಗೊತ್ತಾದದ್ದು ಆಗಲೇ. ನಕ್ಕೆ. ನಗು ಎಲ್ಲಿ ಅಳುವಾಯಿತೋ ಗೊತ್ತಾಗಲಿಲ್ಲ. ನೀವು ಸಮಾಧಾನ ಹೇಳಲಿಲ್ಲ. ಬರೆಯುವ ಮೊದಲು ಕಟ್ಟಿಕೊಂಡು ನೋಡಿದ್ದೆಯಾ ಎಂದು ಮೆಲ್ಲಗೆ ಕೇಳಿದಿರಿ. ಇಲ್ಲ ಎಂದೆ. ಹೂಂ ಎಂದವರೇ ಪಟ್ಟಿ ಬಿಚ್ಚಿ, ಆರೋಗ್ಯವಂತ ರೋಗಿಯನ್ನು ಎರಡು ತುಂಡು ಮಾಡಿ, ದೊಡ್ಡ ತುಂಡು ನನಗೆ ಕೊಟ್ಟಿರಿ. ಇವತ್ತಿನವರೆಗೂ ಅಪ್ಪನ ಮುಂದಾಗಲಿ ಬೇರೆ ಯಾರ ಮುಂದಾಗಲಿ ನನ್ನ ಆ ಅರ್ಧ ಪುಟದ ಮಾತೆತ್ತಿಲ್ಲ. ಚಿಕ್ಕಪ್ಪ, ಅಪ್ಪನನ್ನು ಉಳಿಸಿಕೊಟ್ಟದ್ದು ಒಂದು ತೂಕವಾದರೆ ಈ ಮೌನ ಇನ್ನೊಂದು ತೂಕ. ತಕ್ಕಡಿ ಯಾವ ಕಡೆ ವಾಲುತ್ತದೋ ನನಗೆ ತಿಳಿಯದು.

ಮುಂದಿನ ವಾರ ಸಂಪಾದಕರ ಕೋಣೆಗೆ ಹೋದೆ. ಮೂಲೆಯಲ್ಲಿ ಎರಡು ಸಾಲಿನ ತಿದ್ದುಪಡಿ ಹಾಕಿದರಾಯಿತು ಎಂದರು. ನಾನು ಮೇಜಿನ ಮೇಲೆ ಸವತೆಕಾಯಿ ಇಟ್ಟು ಪಟ್ಟಿ ಕಟ್ಟಿದೆ. ಎಪ್ಪತ್ತನಾಲ್ಕು ತೋರಿಸಿತು. ಕಂಪನಿಯವರು ಕೊಟ್ಟಿದ್ದ ಪಟ್ಟಿ ಅವರ ಕೈಯಲ್ಲೂ ಇತ್ತು, ಅದರಲ್ಲಿ ತೊಂಬತ್ತೆಂಟು. ಅವರು ಒಮ್ಮೆ ತಮ್ಮ ಕೈ, ಒಮ್ಮೆ ಸವತೆಕಾಯಿ ನೋಡಿ, “ನನಗಿಂತ ಇದೇ ಗಟ್ಟಿಮುಟ್ಟಾಗಿದೆಯಲ್ಲಮ್ಮ” ಎಂದರು. ಅದೇ ಪುಟದಲ್ಲಿ, ಅದೇ ಅಳತೆಯಲ್ಲಿ, ನನ್ನ ಹೆಸರಿನಲ್ಲೇ ‘ನಾನು ನೋಡದೆ ಬರೆದೆ’ ಎಂದು ಅಚ್ಚಾಯಿತು. ಜೊತೆಗೆ ಸವತೆಕಾಯಿಯ ಭಾವಚಿತ್ರ.

ಆ ಭಾನುವಾರ ಕಟ್ಟು ಬಿಚ್ಚಿ ಮೊದಲು ಹುಡುಕಿದ್ದು ಆ ಪುಟವನ್ನೇ ಎಂದರೆ ನಂಬುತ್ತೀರೋ? ನೀವು ನಂಬುವುದಿಲ್ಲ, ಇರಲಿ. ಅಂಚಿನಲ್ಲಿ ನಿಮ್ಮ ಅಕ್ಷರ. ‘ಒಂದೇ ಕಾಯಿ ಸಾಲದು. ಮೂರಾದರೂ ನೋಡಬೇಕಿತ್ತು.’ ಬೈಗುಳವನ್ನು ಪ್ರಸಾದದಂತೆ ಕಣ್ಣಿಗೊತ್ತಿಕೊಂಡು ಪುಟ ಮಡಚುವಾಗ ಕೆಳಗೆ, ಚಿತ್ರದ ಬುಡದಲ್ಲಿ, ಇನ್ನೂ ಸಣ್ಣದಾಗಿ ಎರಡು ಪದ ಕಂಡವು. ‘ಒಳಗೆ ನಿಂತಿದ್ದಾಳೆ.’

ಆ ಹಾಳೆಯನ್ನು ಅಪ್ಪನಿಗೆ ಕೊಟ್ಟಿದ್ದೇನೆ. ನಾಳೆ ಅಂಗಡಿಯ ಕನ್ನಡಿಯಲ್ಲಿ ಹಳೆಯದರ ಜಾಗಕ್ಕೆ ಅದನ್ನೇ ಅಂಟಿಸುತ್ತಾರಂತೆ. ಗಿರಾಕಿಗಳು ನಿಮ್ಮ ಪೆನ್ಸಿಲ್ ಅಕ್ಷರದವರೆಗೆ ಓದಿದರೆ ಕಣ್ಣು ಸರಿಯಿದೆ ಎಂದು ಅರ್ಥವಂತೆ. ಇನ್ನು ಮೇಲೆ ನಾನೂ ಸುಲಭಕ್ಕೆ ಮೋಸಹೋಗುವವಳಲ್ಲ. ನಿಮ್ಮ ಶಿಷ್ಯೆ ಎಂದು ಎದೆ ತಟ್ಟಿ ಹೇಳಬಲ್ಲೆ. ನಿಮ್ಮ ಹಗ್ಗ ಎಂದೂ ಸವೆಯದಿರಲಿ, ನಿಮ್ಮ ಪೆನ್ಸಿಲು ಒಂದೂವರೆ ಇಂಚಿಗಿಂತ ಕಿರಿದಾಗದಿರಲಿ, ನಾನು ಬರೆಯುವಷ್ಟು ಕಾಲ ನೀವು ಅನುಮಾನಿಸುತ್ತಿರಿ.

ಪಾದಧೂಳಿಯನ್ನು ಪರೀಕ್ಷಿಸಿಯೇ ಹಣೆಗಿಟ್ಟುಕೊಳ್ಳುವ,
ನಿಮ್ಮ ಕಪಿ

ಇನ್ನೊಂದು ಸಣ್ಣ ಮಾತು. ಮೊನ್ನೆ ಮನಸ್ಸು ದುರ್ಬಲವಾಗಿದ್ದಾಗ, ತಲೆಯಿಟ್ಟು ಮಲಗಿದರೆ ನೆನಪಿನ ಶಕ್ತಿ ಇಮ್ಮಡಿಸುವ ದಿಂಬೊಂದನ್ನು ಫೋನಿನಲ್ಲಿ ನೋಡಿ ತರಿಸಿಕೊಂಡಿದ್ದೇನೆ. ತಜ್ಞರ ಪ್ರಕಾರ ಬಹಳ ಒಳ್ಳೆಯದಂತೆ. ಅಪ್ಪನ ಕಣ್ಣಿಗೆ ಬೀಳಬಾರದೆಂದು ನಿಮ್ಮ ವಿಳಾಸ ಕೊಟ್ಟಿದ್ದೇನೆ. ಗುರುವಾರ ಬರುತ್ತದೆ. ದಯವಿಟ್ಟು ಮೊದಲು ನೀವೊಬ್ಬರೇ ಮೂರು ಸಲ ಮಲಗಿ ನೋಡಿ.