ಹಣೆಯಿಂದ ಇಳಿದ ಮೂಗು

ಅಮ್ಮ,

ನಿನ್ನ ಮಗನಿಗೆ ಹೊಸ ಮೂಗು ಬಂದಿದೆ. ನೀನಿದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ಹಳೆ ಮೂಗಿನ ಹುಣ್ಣಾದ ತುದಿಯನ್ನು ತೆಗೆದು, ಹಣೆಯ ಚರ್ಮವನ್ನು ಬುಡ ಕತ್ತರಿಸದೆ ಕೆಳಕ್ಕೆ ತಿರುಗಿಸಿ ಹೊಲಿದಿದ್ದಾರೆ. ಅದರೊಳಗೆ ರಕ್ತ ಹೆಪ್ಪುಗಟ್ಟಿದರೆ ಚರ್ಮ ಸತ್ತುಹೋಗುತ್ತದಂತೆ. ಅದಕ್ಕೇ ರಕ್ತ ತೆಳುವಾಗಲೆಂದು ಹೊಟ್ಟೆಗೆ ಇಂಜೆಕ್ಷನ್ ಚುಚ್ಚುತ್ತಾರೆ.

“ಬ್ಲೇಡ್ ಮಾತ್ರ ಮುಟ್ಬೇಡಿ,” ಎಂದಿದ್ದಳು ನರ್ಸ್. ಅಷ್ಟು ಜನರ ಗಡ್ಡ ಬೋಳಿಸಿದ ನನಗೇ ಬುದ್ಧಿವಾದ! ಇವತ್ತು ಡಾಕ್ಟರ್ ಬರುವ ಮೊದಲು ಚೆನ್ನಾಗಿ ಕಾಣೋಣವೆಂದು ಬಚ್ಚಲಿನಲ್ಲಿ ಗಡ್ಡ ಕೆರೆದುಕೊಂಡೆ. ಗಲ್ಲದ ಮೇಲೆ ಸಾಸಿವೆಯಷ್ಟು ಗಾಯವಾಯಿತು. ರಕ್ತ ನಿಲ್ಲಲೇ ಇಲ್ಲ. ಟವೆಲ್, ಅಂಗಿ, ದಿಂಬು ಎಲ್ಲ ಕೆಂಪು. ಪಕ್ಕದ ಹಾಸಿಗೆಯವನು “ಅಯ್ಯೋ, ಕೊಲೆ!” ಎಂದು ಕಿರುಚಿದ.

ನರ್ಸ್ ಓಡಿಬಂದು ಗಲ್ಲಕ್ಕೆ ಹತ್ತಿ ಅದುಮಿದಳು. “ಕ್ಷೌರದಂಗಡಿ ಬೇರೆ ಇಟ್ಟಿದ್ದೀರಿ! ಗಿರಾಕಿಗಳಿಗೆ ಗೊತ್ತಾದ್ರೆ ಏನ್ ಗತಿ?” ರಕ್ತ ನಿಂತ ಮೇಲೆ ಹೊಸ ಮೂಗನ್ನು ಬೆರಳಿನಿಂದ ಒತ್ತಿದಳು. ಬಿಳಿಚಿದ ಚರ್ಮ ಮತ್ತೆ ಕೆಂಪಗಾಯಿತು. “ಬದುಕಿದೆ,” ಎಂದಳು.

ತಮಾಷೆ ಏನು ಗೊತ್ತಾ ಅಮ್ಮ? ಅವಳು ಒತ್ತಿದ್ದು ಮೂಗನ್ನು, ನನಗೆ ತಿಳಿದದ್ದು ಹಣೆಯಲ್ಲಿ; ಆ ಚರ್ಮದ ನರ ಇನ್ನೂ ಹಣೆಯದೇ ಅಲ್ಲವಾ. ಜ್ವರ ಬಂತಾ ಎಂದು ನೀನು ಕೈಯಿಟ್ಟು ನೋಡುತ್ತಿದ್ದ ಜಾಗದಲ್ಲೇ. ಆಗೆಲ್ಲ ನಾನು “ಬಿಡಮ್ಮ” ಅನ್ನುತ್ತಿದ್ದೆ.

“ಸಿಸ್ಟರ್,” ಎಂದೆ, “ಇನ್ನೊಂದ್ಸಲ ಒತ್ತಿ ನೋಡಿ.”