ಕೊಳವೆ ಮುಚ್ಚಲು ನನಗೇ ನೋಟಿಸು

ಮಾನ್ಯ ಸಮನ್ವಯಾಧಿಕಾರಿಗಳೇ,

ಕೆರೆಗೆ ಬಣ್ಣದ ನೀರು ಬಿಡುವುದನ್ನು ಏಕೆ ನಿಲ್ಲಿಸಿಲ್ಲವೆಂದು ಹದಿನೈದು ದಿನಗಳೊಳಗೆ ವಿವರಣೆ ಕೊಡುವಂತೆ ನನಗೆ ನೋಟಿಸು ಕಳಿಸಿದ್ದೀರಿ. ಕೊಳವೆ ಹಾಕಿ ಬಿಡುತ್ತಿರುವುದು ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ. ನಾನು ಅದೇ ಕೆರೆಯಲ್ಲಿ ಲಾಡ್ಜುಗಳ ಹೊದಿಕೆ ಒಗೆಯುವವನು, ದೂರು ಕೊಟ್ಟವನು. ಕಳುವಾಯಿತೆಂದು ಹೇಳಲು ಬಂದವನನ್ನೇ ಒಳಗೆ ಹಾಕುವುದಕ್ಕೆ ನಿಮ್ಮಲ್ಲಿ ಸಮನ್ವಯ ಎನ್ನುತ್ತಾರೆಯೇ?

ಇದು ಹೇಗಾಯಿತೆಂದು ಕೇಳಲು ನಿಮ್ಮ ಕಚೇರಿಗೆ ಬಂದೆ. ಗುಮಾಸ್ತರು ಕಡತ ತಿರುವಿ ನಕ್ಕೇಬಿಟ್ಟರು.

"ಅರ್ಜೀಲಿ ಟಿಕ್ ಎಲ್ಲಿ ಹಾಕಿದೀರಾ ನೋಡಿ. ದೂರುದಾರ ಅನ್ನೋದು ಬಿಟ್ಟು ಪಾಲುದಾರ ಅನ್ನೋದಕ್ಕೆ ಹಾಕಿದೀರಾ. ನೋಟಿಸು ಎಲ್ಲಾ ಪಾಲುದಾರರಿಗೂ ಹೋಗುತ್ತೆ."

"ಕೆರೆ ನೀರಲ್ಲಿ ನಮಗೂ ಪಾಲಿದೆ ಅಂತ ಹಾಕಿದೆ, ಸಾರ್."

"ಹಾಗಾದ್ರೆ ಜವಾಬ್ದಾರೀಲೂ ಪಾಲಿದೆ ಬಿಡಿ."

ಸಂಸ್ಥೆಗಳನ್ನೆಲ್ಲ ಒಂದುಗೂಡಿಸಿ ಸುಸ್ಥಿರ ಅಭಿವೃದ್ಧಿ ಸಾಧಿಸಲೆಂದೇ ನಿಮ್ಮ ಕಚೇರಿ ಹುಟ್ಟಿತಲ್ಲವೇ? ಮೊದಲು ಪುರಸಭೆಯವರು ಕೊಳವೆ ತಮ್ಮದಲ್ಲ ಎನ್ನುತ್ತಿದ್ದರು, ನೀರಿನ ಇಲಾಖೆಯವರು ಬಣ್ಣ ತಮ್ಮದಲ್ಲ ಎನ್ನುತ್ತಿದ್ದರು, ಮಾಲಿನ್ಯದ ಮಂಡಳಿಯವರು ಕೆರೆಯೇ ತಮ್ಮದಲ್ಲ ಎನ್ನುತ್ತಿದ್ದರು. ಇದಕ್ಕಾಗಿ ನಾನು ಮೂರು ಕಡೆ ಚಪ್ಪಲಿ ಸವೆಸಬೇಕಿತ್ತು. ಈಗ ನಿಮ್ಮ ದಯೆಯಿಂದ ಮೂವರೂ ಒಂದೇ ಮೇಜಿನ ಸುತ್ತ ಕುಳಿತು ಒಟ್ಟಿಗೆ ಕೈ ತೊಳೆದುಕೊಳ್ಳುತ್ತಾರೆ. ಎರಡು ವರ್ಷಗಳಲ್ಲಿ ಹನ್ನೊಂದು ಸಭೆಗಳಾದವು. ಸುಸ್ಥಿರವಾಗಿ ಉಳಿದಿರುವುದು ಆ ಕೊಳವೆ ಒಂದೇ.

ಕೈಯ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ನನ್ನ ಅಕ್ಕ ಮೂವತ್ತು ವರ್ಷ ಒಗೆದವಳು. ಈಗ ಅವಳ ಬೆರಳ ಸಂದುಗಳು ಬಿರಿದು ರಕ್ತ ಜಿನುಗುತ್ತದೆ. ತನ್ನ ರವಿಕೆಯ ಗುಂಡಿ ಹಾಕಿಕೊಳ್ಳಲೂ ಆಗುವುದಿಲ್ಲ. ಕೆರೆಯ ನೀರು ಮುಟ್ಟಲೇಬಾರದು ಎಂದರು ಡಾಕ್ಟರು. "ನೀರು ಮುಟ್ಟದೆ ಒಗೆಯೋದು ಹೇಗೆ ಅಂತ ಅವರನ್ನೇ ಕೇಳ್ಕೊಂಡು ಬಾರೋ," ಎಂದು ಅವಳು ಮರುದಿನ ಬೆಳಿಗ್ಗೆ ಮತ್ತೆ ಕೆರೆಗಿಳಿದಳು. ನನಗೆ ಅಳು ಬಂತು. ಆಮೇಲೆ ಮೈಯೆಲ್ಲ ಉರಿದುಹೋಯಿತು. ಈ ಪತ್ರ ಬರೆಸುತ್ತಿರುವುದು ಆ ಉರಿಯೇ.

ನೀವು ಕೇಳಿದ ವಿವರಣೆ ಇಷ್ಟೇ: ಆ ಕೊಳವೆ ಮುಚ್ಚುವ ಅಧಿಕಾರ ನನಗಿಲ್ಲ, ನಿಮಗಿದೆ. ಹನ್ನೆರಡನೆಯ ಸಭೆ ಕರೆಯುವ ಮೊದಲು ಅದನ್ನು ಮುಚ್ಚಿಸಿ.

ಉತ್ತರ ತೃಪ್ತಿಕರವಾಗಿಲ್ಲದಿದ್ದರೆ ಕಠಿಣ ಕ್ರಮ ಜರುಗಿಸುವುದಾಗಿ ಬರೆದಿದ್ದೀರಿ. ಧಾರಾಳವಾಗಿ ಜರುಗಿಸಿ. ಈವರೆಗೆ ಯಾರ ಮೇಲೂ ಆಗದ ಕ್ರಮ ನನ್ನ ಮೇಲಾದರೂ ಆಗಲಿ. ಆದರೆ ನನ್ನನ್ನು ಕರೆದೊಯ್ದ ದಿನ ನನ್ನ ಪಾಲಿನ ಬಟ್ಟೆಯನ್ನೂ ಅಕ್ಕನೇ ಒಗೆಯಬೇಕಾಗುತ್ತದೆ. ಅದನ್ನೂ ಕಡತದಲ್ಲಿ ಬರೆದುಕೊಳ್ಳಿ.

ಇಂತಿ,
ತಿಳಿಯದೆ ಪಾಲುದಾರನಾದ
ಬಟ್ಟೆ ಒಗೆಯುವವ